ಉತ್ತರಗಳ ತಾಳೆ

ಪರೀಕ್ಷೆ ಮುಗಿದ ಸಂಜೆ ಮಕ್ಕಳು ಒಂದೆಡೆ ಕೂಡಿ ಉತ್ತರಗಳನ್ನು ತಾಳೆ ನೋಡುವುದು ಇಂದು ನಿನ್ನೆಯ ಪದ್ಧತಿಯಲ್ಲ. ಪರೀಕ್ಷೆಗಳು ಹುಟ್ಟಿದಂದಿನಿಂದಲೂ ಅದು ಉಂಟು. ಆದರೆ ಈಚೆಗೆ ಅದಕ್ಕೆ ಬಂದಿರುವ ತೀವ್ರತೆಯು ಹಿಂದೆ ಇದ್ದಂತೆ ತೋರುವುದಿಲ್ಲ. ಬೇಸಗೆಯಲ್ಲಿ ಎಂಜಿನಿಯರಿಂಗ್ ಮೊದಲಾದ ವೃತ್ತಿಶಿಕ್ಷಣಗಳಿಗಾಗಿ ಸಾಮಾನ್ಯ ಪ್ರವೇಶ ಪರೀಕ್ಷೆಯು, ಅಂದರೆ ಎಲ್ಲರೂ ಸಿ.ಇ.ಟಿ. ಎಂದು ಕರೆಯುವ ಪರೀಕ್ಷೆಯು, ನಡೆಯುವುದಷ್ಟೆ. ಅದರ ಗಣಿತ ಪತ್ರಿಕೆಯನ್ನು ಬರೆದು ಹೊರಬಂದ ಮಕ್ಕಳನ್ನು ಯಲಹಂಕದ ಬಸ್ಸು ನಿಲ್ದಾಣದಲ್ಲಿಯೋ, ಹೆಬ್ಬಾಳದ ಮೇಲ್ಸೇತುವೆಯ ಕೆಳಗೋ, ಯಶವಂತಪುರದ ರೈಲು ನಿಲ್ದಾಣದ ಬಳಿಯೋ ನೋಡಿದವರಿಗೆ ಈ ಮಾತು ಮನದಟ್ಟಾಗದಿರದು. ಬಸ್ಸು ಬರುವುದರೊಳಗಾಗಿ ಇಪ್ಪತ್ತು ಪ್ರಶ್ನೆಗಳ ವಿಚಾರಣೆ ಮುಗಿದಿರುತ್ತದೆ, ಆರ್.ಟಿ. ನಗರದ ಮನೆ ಸೇರುವುದರೊಳಗಾಗಿ ಒಬ್ಬನ ಮುಖ ಅರಳಿ, ಇನ್ನೊಬ್ಬನ ಮುಖ ಬಾಡಿರುತ್ತದೆ.

ಇದು ಒಳ್ಳೆಯದೋ ಕೆಟ್ಟದೋ ಎಂಬುದು ತಂದೆತಾಯಿಗಳೆಲ್ಲರಿಗೂ ಒಮ್ಮೆಯಾದರೂ ಬರುವ ಪ್ರಶ್ನೆ. ಕೆಲವರು ಇದನ್ನು ಪೂರ್ತಿಯಾಗಿ ನಿಷೇಧಿಸುವರು. ಮತ್ತೆ ಕೆಲವರು ತಾವೇ ಮುಂದಾಗಿ ಕಾಗದ ಪೆನ್ಸಿಲುಗಳನ್ನು ಹಿಡಿದು ಬಾಗಿಲಲ್ಲಿ ಕಾದಿರುವರು. ನಮಗೆ ತೋರುವಮಟ್ಟಿಗೆ ಈ ಎರಡು ದಾರಿಗಳೂ ಸರಿಯಲ್ಲ. ತಾಳೆ ನೋಡುವುದು ಒಳ್ಳೆಯ ಕೆಲಸವೇ. ಆದರೆ ಅದಕ್ಕೊಂದು ಹೊತ್ತು ಉಂಟು, ಒಂದು ಕ್ರಮ ಉಂಟು. ಇವೆರಡೂ ತಪ್ಪಿದಲ್ಲಿ ಅದು ಮಗುವನ್ನು ತೂಗುವ ತಕ್ಕಡಿಯಾಗಿಬಿಡುತ್ತದೆ. ಈ ತಿಂಗಳು ಅದನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿರುವೆವು.

ಮೊದಲು ಪರೀಕ್ಷೆಯ ಸ್ವರೂಪವನ್ನು ತಿಳಿಯುವುದು ಅವಶ್ಯಕ. ಏಕೆಂದರೆ ಮನೆಯಲ್ಲಿ ಕಾತರಪಡುವ ಹಿರಿಯರಲ್ಲಿ ಅನೇಕರು ಆ ಪತ್ರಿಕೆಯನ್ನು ಕಣ್ಣಿಂದ ಕಂಡವರಲ್ಲ. ಗಣಿತದಲ್ಲಿ 60 ಪ್ರಶ್ನೆಗಳು, 60 ಅಂಕಗಳು. ಪರೀಕ್ಷೆಯ ಒಟ್ಟು ಕಾಲ 80 ನಿಮಿಷ. ಅದರಲ್ಲಿ ಉತ್ತರಿಸುವುದಕ್ಕೆ ದೊರೆಯುವುದು 70 ನಿಮಿಷ. ಎಂದರೆ ಒಂದೊಂದು ಪ್ರಶ್ನೆಗೆ 70 ಸೆಕೆಂಡು. ಅಷ್ಟರಲ್ಲಿ ಪ್ರಶ್ನೆಯನ್ನು ಓದಿ, ಲೆಕ್ಕ ಮಾಡಿ, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ, ಒ.ಎಮ್.ಆರ್. ಹಾಳೆಯಲ್ಲಿ ತಕ್ಕ ವೃತ್ತವನ್ನು ಪೆನ್ನಿನಿಂದ ತುಂಬಬೇಕು. ಕ್ಯಾಲ್ಕುಲೇಟರ್ ಕೂಡದು. ತಪ್ಪಿದರೆ ಅಂಕ ಕಳೆಯುವ ಪದ್ಧತಿಯಿಲ್ಲ. ಆದರೆ ಒಂದೇ ಪ್ರಶ್ನೆಗೆ ಎರಡು ವೃತ್ತ ತುಂಬಿದರೆ ಅಂಕವಿಲ್ಲ. ಇದೇ ರೀತಿಯಾಗಿ ಭೌತಶಾಸ್ತ್ರಕ್ಕೂ ರಸಾಯನಶಾಸ್ತ್ರಕ್ಕೂ 60-60. ಎಂಜಿನಿಯರಿಂಗ್ ಬಯಸುವ ವಿದ್ಯಾರ್ಥಿಗೆ ಒಟ್ಟು 180.

ಇಷ್ಟು ಪುಟ್ಟ ವೃತ್ತಗಳಿಗೆ ಇಷ್ಟು ದೊಡ್ಡ ತೂಕವೇಕೆ ಬಂತೆಂಬುದಕ್ಕೂ ಕಾರಣವುಂಟು. ಒಂದು ಕಾಲದಲ್ಲಿ ವಂತಿಗೆ ಕೊಡಬಲ್ಲವರಿಗೆ ಖಾಸಗಿ ಕಾಲೇಜುಗಳ ಬಾಗಿಲು ಸುಲಭವಾಗಿ ತೆರೆಯುತ್ತಿದ್ದಿತು. ಕರ್ನಾಟಕ ಸರಕಾರವು 1984ರಲ್ಲಿ ವಂತಿಗೆಯನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. ಕರ್ನಾಟಕದ ಕಾಲೇಜೊಂದರ ವಿಷಯವಾಗಿ ಎದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1992ರಲ್ಲಿ ವಂತಿಗೆಯನ್ನು ಖಂಡಿಸಿತು. 1993ರ ಇನ್ನೊಂದು ತೀರ್ಪಿನಲ್ಲಿ ಪ್ರವೇಶಕ್ಕೆ ಯೋಗ್ಯತೆಯೇ ಆಧಾರವಾಗಬೇಕೆಂಬ ಏರ್ಪಾಟನ್ನು ವಿಧಿಸಿತು. 1994ರಲ್ಲಿ ಸಿ.ಇ.ಟಿ. ಘಟಕವು ಸ್ಥಾಪಿತವಾಯಿತು. ಇಂದು ಮಲ್ಲೇಶ್ವರದಲ್ಲಿ ಕಚೇರಿಯುಳ್ಳ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಈ ಕಾರ್ಯವನ್ನು ನಡೆಸುತ್ತಿದೆ. ಹಣದ ಚೀಲವಿಲ್ಲದ ಮನೆಯ ಮಗುವಿಗೂ ಕಾಲೇಜಿನ ಬಾಗಿಲು ತೆರೆಯಲೆಂದು ಏರ್ಪಟ್ಟ ಪರೀಕ್ಷೆಯಿದು. ಅಂಥ ಮನೆಯಲ್ಲಿ ಇದರ ಫಲಕ್ಕಾಗಿ ಕಾತರ ಹೆಚ್ಚುವುದು ಸಹಜವೇ. ಕಾತರ ತಪ್ಪಲ್ಲ, ಅದು ಮಗುವಿನ ಮೇಲೆ ಬೀಳುವ ಬಗೆಯಲ್ಲಿ ಎಚ್ಚರಿಕೆ ಬೇಕು.

ಇನ್ನು ತಾಳೆಯ ವಿಚಾರ. ಈ ಮಾತು ಲೆಕ್ಕಪತ್ರದ ವ್ಯವಹಾರದಿಂದ ಬಂದುದು. ಯಶವಂತಪುರದ ಮಾರುಕಟ್ಟೆಯ ಪ್ರಾಂಗಣದಲ್ಲಿ ಮಂಡಿ ಇಟ್ಟಿರುವವರನ್ನು ಕೇಳಿರಿ. ದಿನದ ಕೊನೆಗೆ ಬಂದ ಮಾಲಿಗೂ ಹೋದ ಮಾಲಿಗೂ, ಚೀಟಿಗೂ ಪೆಟ್ಟಿಗೆಯ ಹಣಕ್ಕೂ ಅವರು ತಾಳೆ ನೋಡುತ್ತಾರೆ. ನೂರು ರೂಪಾಯಿ ಕಡಮೆ ಬಂದರೆ ತಲೆಯ ಮೇಲೆ ಕೈ ಹೊತ್ತು ಕೂರುವುದಿಲ್ಲ. ಯಾವ ಚೀಟಿಯಲ್ಲಿ, ಯಾವ ಸಾಲಿನಲ್ಲಿ ತಪ್ಪಿತೆಂದು ಹುಡುಕುತ್ತಾರೆ. ವ್ಯವಹಾರಕ್ಕೂ ಗಣಿತಕ್ಕೂ ನಮ್ಮ ನಾಡಿನಲ್ಲಿರುವ ನಂಟು ಬಹಳ ಹಳೆಯದು. 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ಬರೆದ ಗಣಿತಗ್ರಂಥದ ಹೆಸರೇ 'ವ್ಯವಹಾರಗಣಿತ'. ಲೆಕ್ಕದಲ್ಲಿ ತಾಳೆಯ ಪ್ರಯೋಜನ ತಪ್ಪಿನ ಸ್ಥಳವನ್ನು ಕಂಡುಹಿಡಿಯುವುದು. ಯಾರು ಗೆದ್ದರು, ಯಾರು ಸೋತರು ಎಂಬುದು ತಾಳೆಯ ಪ್ರಶ್ನೆಯೇ ಅಲ್ಲ.

ಆದುದರಿಂದ ನಮ್ಮ ಮೊದಲನೆಯ ಸೂಚನೆಯು ಹೊತ್ತನ್ನು ಕುರಿತದ್ದು. ಎಲ್ಲ ಪತ್ರಿಕೆಗಳೂ ಮುಗಿಯುವವರೆಗೆ ತಾಳೆ ಬೇಡ. ಮಂಡಿಯವರೂ ವ್ಯಾಪಾರದ ನಡುವೆ ಪೆಟ್ಟಿಗೆ ಸುರಿದು ಎಣಿಸುವುದಿಲ್ಲವಷ್ಟೆ. 2024ರಲ್ಲಿ ಗಣಿತ ಪರೀಕ್ಷೆಯು ಏಪ್ರಿಲ್ 18ರ ಮಧ್ಯಾಹ್ನ ನಡೆಯಿತು. ಭೌತಶಾಸ್ತ್ರ ರಸಾಯನಶಾಸ್ತ್ರಗಳು ಮರುದಿನ, 19ರಂದು. ಗಣಿತ 60 ಅಂಕದ್ದು. ಮರುದಿನದವೆರಡೂ ಸೇರಿ 120 ಅಂಕದವು. ಕೈಬಿಟ್ಟುಹೋದ 60ರ ಚಿಂತೆಯಲ್ಲಿ, ಇನ್ನೂ ಕೈಯಲ್ಲಿರುವ 120ನ್ನು ಕೆಡಿಸಿಕೊಳ್ಳುವುದು ಯಾವ ಲೆಕ್ಕಾಚಾರ? ಮಿಂಚಿಹೋದ ಕಾಲಕ್ಕೆ ಚಿಂತಿಸಿ ಫಲವಿಲ್ಲವೆಂದು ಹಿರಿಯರು ಹೇಳುವುದು ಇಂಥಲ್ಲಿಯೇ. ಪತ್ರಿಕೆಗಳ ಅನುಕ್ರಮವು ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ಆದರೆ ಈ ಮಾತು ಬದಲಾಗುವುದಿಲ್ಲ. ಪ್ರಶ್ನಪತ್ರಿಕೆಯನ್ನೂ, ಒ.ಎಮ್.ಆರ್. ಹಾಳೆಯ ಅಡಿಪ್ರತಿಯನ್ನೂ ತಾಯಿಯು ತೆಗೆದು ಬೀರುವಿನಲ್ಲಿಟ್ಟು, "ಕಡೆಯ ಪರೀಕ್ಷೆ ಆಗಲಿ ಮಗು, ಆಮೇಲೆ ಇಬ್ಬರೂ ಕೂತು ನೋಡೋಣ" ಎಂದರೆ ಸಾಕು.

ಈ ಅಡಿಪ್ರತಿಯ ವಿಷಯವನ್ನು ಗೃಹಸ್ಥರು ತಿಳಿದಿರಬೇಕು. ಪರೀಕ್ಷೆಯ ಕಡೆಯಲ್ಲಿ ಮೇಲ್ವಿಚಾರಕರು ಮೂಲ ಹಾಳೆಯನ್ನು ತೆಗೆದುಕೊಂಡು, ಅದರ ಕೆಳಗಿನ ಪ್ರತಿಯನ್ನು ವಿದ್ಯಾರ್ಥಿಗೆ ಹಿಂದಿರುಗಿಸುವರು. ಸ್ವಂತ ಮೌಲ್ಯಮಾಪನಕ್ಕಾಗಿ ಅದನ್ನು ಮನೆಗೆ ಒಯ್ಯಬಹುದೆಂತಲೂ, ಕನಿಷ್ಠ ಒಂದು ವರ್ಷ ಜೋಪಾನವಾಗಿಡಬೇಕೆಂತಲೂ ಪ್ರಶ್ನಪತ್ರಿಕೆಯ ಮುಖಪುಟದಲ್ಲಿಯೇ ಸೂಚನೆಯನ್ನು ಅಚ್ಚು ಮಾಡಿರುವುದುಂಟು. ಎಂದರೆ ತಾಳೆ ನೋಡುವ ಅಧಿಕಾರವನ್ನು ಪ್ರಾಧಿಕಾರವೇ ಮಗುವಿಗೆ ಕೊಟ್ಟಿದೆ. ಒಂದು ವರ್ಷ ಇಡತಕ್ಕ ಕಾಗದವನ್ನು ಒಂದು ಗಂಟೆಯೊಳಗೆ ಬಿಡಿಸಿ ನೋಡಲೇಬೇಕೆಂಬ ಆತುರವೇಕೆ?

ಎರಡನೆಯ ಸೂಚನೆ: ಅಕ್ಷರಗಳನ್ನು ತಾಳೆ ನೋಡಬೇಡಿರಿ, ಉತ್ತರಗಳನ್ನು ನೋಡಿರಿ. ನಕಲನ್ನು ತಡೆಯುವುದಕ್ಕಾಗಿ ಈ ಪತ್ರಿಕೆಯನ್ನು ಹಲವು ಆವೃತ್ತಿಗಳಲ್ಲಿ ಅಚ್ಚು ಮಾಡುವರು. ಪ್ರಶ್ನೆಗಳ ಅನುಕ್ರಮವು ಒಂದೊಂದರಲ್ಲಿ ಒಂದೊಂದು ಬಗೆ. ಒಬ್ಬಳ 14ನೆಯ ಪ್ರಶ್ನೆಯು ಇನ್ನೊಬ್ಬಳಿಗೆ 51ನೆಯದಾಗಿರಬಹುದು. "ಹದಿನಾಲ್ಕಕ್ಕೆ ಏನು ಹಾಕಿದೆ? ನಾನು ಸಿ ಹಾಕಿದೆ" ಎಂಬ ಮಾತಿಗೆ, ಇಬ್ಬರ ಆವೃತ್ತಿಯ ಸಂಕೇತವೂ ಒಂದೇ ಆಗಿದ್ದ ಹೊರತು, ಅರ್ಥವೇ ಇಲ್ಲ. ಬಸ್ಸಿನಲ್ಲಿ ಹುಟ್ಟುವ ದುಃಖದಲ್ಲಿ ಎಷ್ಟೋ ಪಾಲು ಈ ಬಗೆಯದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಬಹುಮತವು ಗಣಿತದಲ್ಲಿ ಪ್ರಮಾಣವಲ್ಲ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಪಿ.ಯು. ಎರಡನೆಯ ವರ್ಷದ ಸಂಭವನೀಯತೆಯ ಪಾಠದಲ್ಲಿ ಇಂಥ ಲೆಕ್ಕವೊಂದು ಬರುತ್ತದೆ. ಒಂದು ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ. ಅವರಲ್ಲಿ ಒಬ್ಬಳಾದರೂ ಹೆಣ್ಣೆಂಬುದು ತಿಳಿದಿದೆ. ಇಬ್ಬರೂ ಹೆಣ್ಣುಮಕ್ಕಳಾಗಿರುವ ಸಂಭವವೆಷ್ಟು? ನಮ್ಮ ವಾಚಕರೂ ಒಂದು ಕ್ಷಣ ಪುಟದಿಂದ ಕಣ್ಣೆತ್ತಿ ಯೋಚಿಸಿ ನೋಡಬಹುದು.

ಯಲಹಂಕದ ಮೂವರು ಗೆಳತಿಯರು ಈ ಲೆಕ್ಕವನ್ನು ತಾಳೆ ನೋಡುತ್ತಿರುವರೆಂದು ಊಹಿಸಿರಿ. ಇಬ್ಬರು ಅರ್ಧವೆನ್ನುವರು. "ಒಬ್ಬಳು ಹೆಣ್ಣೆಂದು ಗೊತ್ತಾಯಿತು, ಇನ್ನುಳಿದುದು ಗಂಡೋ ಹೆಣ್ಣೋ, ಎರಡರಲ್ಲೊಂದು" ಎಂದು ಅವರ ವಾದ. ಮೂರನೆಯವಳು ಮೂರರಲ್ಲೊಂದು ಎಂದು ಗುರುತು ಹಾಕಿ ಬಂದಿದ್ದಾಳೆ. ಇಬ್ಬರ ಎದುರು ಒಬ್ಬಳ ಮಾತು ನಿಲ್ಲುವುದೆಂತು? ಅವಳು ತನ್ನದೇ ತಪ್ಪೆಂದು ನಂಬಿ ಮನೆಗೆ ಬರುವಳು; ಒಂದು ತಪ್ಪಾದ ಮೇಲೆ ಮಿಕ್ಕವೂ ತಪ್ಪಿರಬಹುದೆಂಬ ಶಂಕೆ ಹೊಕ್ಕು ರಾತ್ರಿ ನಿದ್ದೆಗೆಟ್ಟು, ಮರುದಿನದ ಭೌತಶಾಸ್ತ್ರವನ್ನು ತೂಕಡಿಸುತ್ತ ಬರೆಯುವಳು. ಆದರೆ ಸರಿಯಾದ ಉತ್ತರ ಅವಳದೇ. ಇಬ್ಬರು ಮಕ್ಕಳು ಹುಟ್ಟುವ ಬಗೆ ನಾಲ್ಕು: ಗಂಡು-ಗಂಡು, ಗಂಡು-ಹೆಣ್ಣು, ಹೆಣ್ಣು-ಗಂಡು, ಹೆಣ್ಣು-ಹೆಣ್ಣು. ಒಬ್ಬಳಾದರೂ ಹೆಣ್ಣೆಂದಮೇಲೆ ಮೊದಲನೆಯದು ಬಿದ್ದುಹೋಗಿ ಮೂರು ಉಳಿಯುತ್ತವೆ. ಆ ಮೂರರಲ್ಲಿ ಇಬ್ಬರೂ ಹೆಣ್ಣಾಗಿರುವುದು ಒಂದೇ. ಆದಕಾರಣ ಮೂರರಲ್ಲೊಂದು. ಹಿರಿಯ ಮಗುವೇ ಹೆಣ್ಣೆಂದು ಪ್ರಶ್ನೆಯಲ್ಲಿ ಹೇಳಿದ್ದರೆ ಮಾತ್ರ ಅರ್ಧವು ಸರಿಯಾಗುತ್ತಿದ್ದಿತು.

ಹುಡುಗಿ ಕಳೆದುಕೊಂಡುದು ಗಣಿತದಲ್ಲಿ ಒಂದು ಅಂಕವನ್ನೂ ಅಲ್ಲ. ಭೌತಶಾಸ್ತ್ರದಲ್ಲಿ ಎಷ್ಟೋ ಅಂಕಗಳನ್ನು. ಆದ್ದರಿಂದ ತಾಳೆ ನೋಡುವಾಗ "ನಿನ್ನದೆಷ್ಟು?" ಎಂದು ಕೇಳುವುದಕ್ಕೆ ಬದಲಾಗಿ "ಹೇಗೆ ಮಾಡಿದೆ?" ಎಂದು ಕೇಳುವ ವಾಡಿಕೆಯನ್ನು ಮಕ್ಕಳಲ್ಲಿ ಬೆಳೆಸತಕ್ಕುದು. ಉತ್ತರಗಳು ಬೇರೆಯಾದಾಗ ಎರಡು ದಾರಿಗಳನ್ನೂ ಪಕ್ಕಪಕ್ಕದಲ್ಲಿ ಬರೆದರೆ ಯಾವ ಮೆಟ್ಟಿಲಲ್ಲಿ ಕಾಲು ಜಾರಿತೆಂಬುದು ತಾನೇ ಕಾಣುತ್ತದೆ. ಸಂಜೆಯೇ ಫೋನುಗಳಲ್ಲಿ ಹರಿದಾಡುವ ಉತ್ತರಪಟ್ಟಿಗಳಿಗೂ ಈ ಮಾತು ಸಲ್ಲುತ್ತದೆ. ಅವು ಅವಸರದಲ್ಲಿ ತಯಾರಾದವು. ಒಂದು ಪಟ್ಟಿಗೂ ಇನ್ನೊಂದಕ್ಕೂ ಕೆಲವು ಪ್ರಶ್ನೆಗಳಲ್ಲಿ ಭೇದ ಬರುವುದುಂಟು. ಪ್ರಾಧಿಕಾರವು ತಾನೇ ಪ್ರಕಟಿಸುವ ಮೊದಲ ಪಟ್ಟಿಯೂ ತಾತ್ಕಾಲಿಕವಾದುದು. ಆಕ್ಷೇಪಣೆಗಳನ್ನು ಪರಿಶೀಲಿಸಿದ ಮೇಲಷ್ಟೇ ಅಂತಿಮ ಪಟ್ಟಿ. ಪರೀಕ್ಷೆ ನಡೆಸಿದವರೇ ಕೆಲವು ದಿನ ಕಾಯುವಾಗ ನಾವು ಅದೇ ರಾತ್ರಿ ತೀರ್ಪು ಕೊಡುವುದು ತರವಲ್ಲ.

ನಾಲ್ಕನೆಯದು ಲೆಕ್ಕ ಹಾಕುವ ಕ್ರಮ. ಕಾಗದದಲ್ಲಿ ಮೂರು ಕಾಲಮುಗಳನ್ನು ಎಳೆಯಿರಿ. ಖಚಿತವಾಗಿ ತಿಳಿದು ಬರೆದವು ಒಂದರಲ್ಲಿ, ಅನುಮಾನದಿಂದ ಬರೆದವು ಇನ್ನೊಂದರಲ್ಲಿ, ಸುಮ್ಮನೆ ಊಹಿಸಿ ತುಂಬಿದವು ಮೂರನೆಯದರಲ್ಲಿ. ತಪ್ಪಿಗೆ ಅಂಕ ಕಳೆಯದಿರುವುದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡದೆ ಊಹಿಸುವುದು ವಿವೇಕವೇ. ನಾಲ್ಕರಲ್ಲೊಂದು ಸರಿಯಾದ್ದರಿಂದ 20 ಪ್ರಶ್ನೆಗಳನ್ನು ಊಹಿಸಿದವನಿಗೆ ಸರಾಸರಿ 5 ದೊರೆಯಬೇಕು. ಆದರೆ ಒಬ್ಬನಿಗೆ 3, ಇನ್ನೊಬ್ಬನಿಗೆ 7 ದೊರೆತರೆ ಅದೇನೂ ಅಸಾಧಾರಣವಲ್ಲ. ಸಮಾನವಾಗಿ ಓದಿದ ಇಬ್ಬರು ಹುಡುಗರ ನಡುವೆ ನಾಲ್ಕು ಅಂಕಗಳ ಅಂತರವು ಬರಿಯ ಅದೃಷ್ಟದಿಂದಲೇ ಉಂಟಾಗಬಲ್ಲುದು. ಪಕ್ಕದ ಮನೆಯವರ ಮಗನನ್ನು ತೋರಿಸಿ ಸ್ವಂತ ಮಗನನ್ನು ಹೀಗಳೆಯುವ ತಂದೆಯು ಈ ಅಂಶವನ್ನು ಯೋಚಿಸತಕ್ಕುದು. ತಿದ್ದಿಕೊಳ್ಳುವುದಕ್ಕೆ ತಕ್ಕ ತಪ್ಪುಗಳೆಲ್ಲ ಮೊದಲನೆಯ ಕಾಲಮಿನಲ್ಲಿರುತ್ತವೆ. ಖಚಿತವೆಂದು ಬರೆದದ್ದು ಏಕೆ ತಪ್ಪಿತೆಂಬುದನ್ನು ಮಗು ಕಂಡುಕೊಂಡರೆ ಮುಂದಿನ ಯಾವ ಪರೀಕ್ಷೆಗೂ ಅದು ಉಪಯೋಗಕ್ಕೆ ಬರುತ್ತದೆ.

ತಾಳೆ ನೋಡುವುದರಿಂದ ಊರಿಗೇ ಉಪಕಾರವಾದ ದೃಷ್ಟಾಂತವೂ ಉಂಟು. ಮೇಲೆ ಹೇಳಿದ 2024ರ ಪರೀಕ್ಷೆಯನ್ನೇ ನೋಡಿರಿ. ಆ ವರ್ಷ ಪಿ.ಯು. ಪಠ್ಯದಿಂದ ಕೆಲವು ಭಾಗಗಳನ್ನು ತೆಗೆದುಹಾಕಲಾಗಿದ್ದಿತು. ಪರೀಕ್ಷೆ ಬರೆದು ಬಂದ ಮಕ್ಕಳೂ ಅವರ ಉಪನ್ಯಾಸಕರೂ ಪ್ರಶ್ನಪತ್ರಿಕೆಗಳನ್ನು ಪಠ್ಯಕ್ರಮದೊಡನೆ ಹೋಲಿಸಿ ನೋಡಲಾಗಿ, ತೆಗೆದುಹಾಕಿದ ಭಾಗಗಳಿಂದಲೇ ಅನೇಕ ಪ್ರಶ್ನೆಗಳು ಬಂದಿರುವುದು ಹೊರಬಿದ್ದಿತು. ರಾಜ್ಯದಾದ್ಯಂತ ಆಕ್ಷೇಪಣೆಗಳು ಎದ್ದವು. ಸರಕಾರವು ತಜ್ಞರಿಂದ ಪರಿಶೀಲನೆ ಮಾಡಿಸಿ, ನಾಲ್ಕು ವಿಷಯಗಳ 240 ಪ್ರಶ್ನೆಗಳಲ್ಲಿ 50ನ್ನು ಮೌಲ್ಯಮಾಪನದಿಂದ ಕೈಬಿಡುವುದೆಂದು ಆ ತಿಂಗಳ ಕೊನೆಯಲ್ಲಿ ತೀರ್ಮಾನಿಸಿತು. ಓದದೆ ಇದ್ದ ಪಾಠದ ಪ್ರಶ್ನೆಯನ್ನು ಕಂಡು ತನಗೇ ಏನೂ ಬಾರದೆಂದು ಕಣ್ಣೀರಿಟ್ಟ ಮಗುವು ಆ ಸಂಜೆ ಎಷ್ಟು ಮನೆಗಳಲ್ಲಿ ಇದ್ದಿತೋ! ದೋಷವು ಮಗುವಿನದಾಗಿರಲಿಲ್ಲ, ಪತ್ರಿಕೆಯದಾಗಿದ್ದಿತು. ಕಾಗದವನ್ನು ಮುಂದಿಟ್ಟುಕೊಂಡು ಶಾಂತವಾಗಿ ನೋಡಿದವರಿಗೆ ಅದು ಕಂಡಿತು. ಎಣಿಕೆ ಮಾಡಿ ಅತ್ತವರಿಗೆ ಕಾಣಲಿಲ್ಲ.

ಆದುದರಿಂದ ಯಾವುದಾದರೂ ಪ್ರಶ್ನೆಯೇ ತಪ್ಪೆಂದೋ, ಪ್ರಕಟಿತ ಉತ್ತರವು ಸರಿಯಲ್ಲವೆಂದೋ ತೋರಿದರೆ, ಪ್ರಾಧಿಕಾರವು ಗೊತ್ತುಮಾಡುವ ಅವಧಿಯೊಳಗೆ ಆಕ್ಷೇಪಣೆಯನ್ನು ಸಲ್ಲಿಸತಕ್ಕುದು. ಆ ಅವಧಿ ಕೆಲವೇ ದಿನಗಳದು. ಆವೃತ್ತಿಯ ಸಂಕೇತ, ಪ್ರಶ್ನೆಯ ಸಂಖ್ಯೆ, ಸಮರ್ಥನೆಗೆ ಪಠ್ಯಪುಸ್ತಕದ ಆಧಾರ, ಇವಿಷ್ಟನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಕಾಲೇಜಿನ ಉಪನ್ಯಾಸಕರಿಗೊಮ್ಮೆ ತೋರಿಸಿ ಕಳುಹಿಸುವುದು ಇನ್ನೂ ಒಳ್ಳೆಯದು.

ಇಷ್ಟೆಲ್ಲ ಮಾಡಿದ ಮೇಲೆ ಮೊತ್ತವೊಂದು ಕೈಗೆ ಬರುವುದಷ್ಟೆ. ಅದನ್ನು ಕಂಡು ಹಿಗ್ಗುವ ಮೊದಲೂ ಕುಗ್ಗುವ ಮೊದಲೂ ಒಂದು ಸಣ್ಣ ಲೆಕ್ಕವನ್ನು ಮಾಡಬೇಕು. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿ.ಇ.ಟಿ. ಅಂಕಗಳದು ಅರ್ಧ ತೂಕ, ಪಿ.ಯು. ಎರಡನೆಯ ವರ್ಷದ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕಗಳದು ಇನ್ನರ್ಧ. ಪಿ.ಯು. ಪರೀಕ್ಷೆಯೇ ನಡೆಯದೆ ಹೋದ 2021ರಲ್ಲಿ ಮಾತ್ರ ಸಿ.ಇ.ಟಿ.ಯೊಂದನ್ನೇ ಗಣನೆಗೆ ತೆಗೆದುಕೊಂಡರು. ಒಬ್ಬ ವಿದ್ಯಾರ್ಥಿಗೆ 180ರಲ್ಲಿ 96, ಎಂದರೆ ಶೇಕಡಾ 53.33 ಬಂದಿದೆಯೆನ್ನೋಣ, ಪಿ.ಯು.ವಿನಲ್ಲಿ ಶೇಕಡಾ 88. ಎರಡರ ಸರಾಸರಿ 70.67. ತಾಳೆ ನೋಡಲಾಗಿ ಗಣಿತದಲ್ಲಿ ಮೂರು ಉತ್ತರಗಳು ತಪ್ಪೆಂದು ತಿಳಿದು 93ಕ್ಕೆ ಇಳಿದರೆ ಸರಾಸರಿಯು 69.83 ಆಗುವುದು. ಇಳಿದುದು ನೂರಕ್ಕೆ ಒಂದೂ ಅಲ್ಲ. ಈ ಸಣ್ಣ ಅಂತರದಲ್ಲಿಯೂ ಬಹಳ ಮಂದಿ ನಿಂತಿರುವುದರಿಂದ ರ‍್ಯಾಂಕು ಹಿಂದೆ ಮುಂದೆ ಆಗುವುದು ನಿಜವೇ. ಆದರೆ ರ‍್ಯಾಂಕೆಂಬುದು ಇತರರೆಲ್ಲರ ಅಂಕಗಳನ್ನೂ ಅವಲಂಬಿಸಿದುದು. ಪತ್ರಿಕೆ ಎಲ್ಲರಿಗೂ ಕಠಿನವಾಗಿದ್ದರೆ ಕಡಮೆ ಅಂಕಕ್ಕೂ ಒಳ್ಳೆಯ ರ‍್ಯಾಂಕು ಬರಬಹುದು. ಮೂವರು ಗೆಳೆಯರು ಜಗಲಿಯ ಮೇಲೆ ಕುಳಿತು ಅದನ್ನು ನಿರ್ಣಯಿಸಲಾರರು.

ಕೊನೆಯದಾಗಿ ಹಿರಿಯರಿಗೆ ಒಂದು ಮಾತು. ಪರೀಕ್ಷೆಯಿಂದ ಬಂದ ಮಗುವನ್ನು ಹೊಸ್ತಿಲಲ್ಲಿಯೇ "ಎಷ್ಟು ಬರುತ್ತೆ?" ಎಂದು ಕೇಳದಿರಿ. ಕೈಕಾಲು ತೊಳೆಯಲಿ, ಊಟ ಮಾಡಲಿ. ಬಿಸಿಲಿನಲ್ಲಿ ಬಂದವರಿಗೆ ಮೊದಲು ನೀರು ಕೊಡುವುದು ನಮ್ಮ ಮನೆಗಳ ಪದ್ಧತಿ. ಮಗುವಿಗೂ ಅದು ಸಲ್ಲಬೇಕು. ಫೋನು ಮಾಡಿ ವಿಚಾರಿಸುವ ಅತ್ತೆ ಮಾವಂದಿರಿಗೂ ಚಿಕ್ಕಪ್ಪ ದೊಡ್ಡಪ್ಪಂದಿರಿಗೂ ತಂದೆಯೇ ಉತ್ತರ ಹೇಳಲಿ. ಮಗುವಿನ ಕೈಗೆ ಫೋನು ಕೊಡುವುದು ಬೇಡ. ತಾಳೆ ನೋಡಿದ ಮೇಲೆ ಮಗುವು ಊಟ ಬಿಟ್ಟು, ಮಾತು ಬಿಟ್ಟು, ಕೋಣೆ ಸೇರಿ, ತಾನು ಇದ್ದೇನು ಪ್ರಯೋಜನವೆಂಬಂಥ ಮಾತಾಡಿದರೆ ಅದನ್ನು ಹುಡುಗುತನವೆಂದು ತಳ್ಳಿಹಾಕಕೂಡದು, ಒಂಟಿಯಾಗಿ ಬಿಡಲೂಕೂಡದು. ಪಕ್ಕದಲ್ಲಿ ಕುಳಿತು ಕೇಳಬೇಕು. ಆವಶ್ಯಕವಾದರೆ ವೈದ್ಯರ ಸಹಾಯವನ್ನು ಪಡೆಯಬೇಕು. ಭಾರತ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ಏರ್ಪಾಟಿನಲ್ಲಿ 14416 ಎಂಬ ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಫೋನು ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ತಂದೆತಾಯಿಗಳೂ ಮಾಡಬಹುದು, ಮಗುವೂ ಮಾಡಬಹುದು. ಈ ಸಂಖ್ಯೆಯನ್ನು ಪ್ರವೇಶಪತ್ರದೊಡನೆ ಬರೆದಿಟ್ಟುಕೊಳ್ಳುವುದರಲ್ಲಿ ನಾಚಿಕೆಪಡತಕ್ಕುದೇನೂ ಇಲ್ಲ.

ಯಲಹಂಕ ಹೆಬ್ಬಾಳಗಳ ಸುತ್ತಮುತ್ತ ಈಗ ಎಂಜಿನಿಯರಿಂಗ್ ಕಾಲೇಜುಗಳೇ ಹಲವಿವೆ. ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವ್ಯವಸಾಯದ ಶಿಕ್ಷಣವುಂಟು. ವಿಜ್ಞಾನದ ಪದವಿ ಕೊಡುವ ಕಾಲೇಜುಗಳೂ ಉಂಟು. ಒಂದು ಬಾಗಿಲು ಮುಚ್ಚಿದರೆ ಮತ್ತೊಂದನ್ನು ತಟ್ಟಬಹುದು. ಮರುವರ್ಷ ಅದೇ ಬಾಗಿಲನ್ನೇ ತಟ್ಟಿದರೂ ಸರಿ. ಆದಕಾರಣ, ನಮ್ಮ ಗೃಹಸ್ಥ ವಾಚಕರೇ, ತಾಳೆ ನೋಡುವ ದಿನ ಮಕ್ಕಳೊಡನೆ ನೀವೂ ಕೂಡಿರಿ. ಗಣಿತ ಬಾರದಿದ್ದರೂ ಚಿಂತೆಯಿಲ್ಲ. ಅವರು ಹೇಳುವುದನ್ನು ಕೇಳಿರಿ. ಹೇಗೆ ಮಾಡಿದೆನೆಂದು ತಾಯಿಗೆ ತಿಳಿಯುವಂತೆ ಹೇಳಬಲ್ಲ ಮಗುವು ಆ ಲೆಕ್ಕವನ್ನು ಕಲಿತೇ ಕಲಿತಿದೆ; ಒಳ್ಳೆಯ ಪೆನ್ನಿನಿಂದ ತುಂಬಿದ ವೃತ್ತವು ಅಷ್ಟನ್ನು ತಿಳಿಸಲಾರದು.